ಬಿಸಿಲಿನ ಕ್ಯಾಲ್ಕುಲೇಟರ್

ದಾಕ್ಷಾಯಿಣಿ ಗುಂಡಿ ಒತ್ತಿದಳು, ಮತ್ತೆ ಒತ್ತಿದಳು. ಕ್ಯಾಲ್ಕುಲೇಟರ್ ಮಿಸುಕಲಿಲ್ಲ. ನರಸೀಪುರದ ಪರೀಕ್ಷಾ ಕೊಠಡಿಯಲ್ಲಿ ಉಳಿದವರೆಲ್ಲ ತಲೆ ತಗ್ಗಿಸಿ ಬರೆಯುತ್ತಿದ್ದರು. ಡಿಪ್ಲೊಮಾದ ಸರ್ವೆ ಪೇಪರು. ಕೋನಗಳ ಸೈನ್, ಕಾಸ್ ಸಿಗದೆ ಒಂದು ಲೆಕ್ಕವೂ ಮುಂದೆ ಹೋಗದು. ಹೋದ ಸಲ ಇದರಲ್ಲೇ ಡುಮ್ಕಿ ಹೊಡೆದಿದ್ದಳು. ಈ ಸಲವೂ ಹೋದರೆ ಓದು ಬಿಡಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಅಪ್ಪ ಬಡಕೊಂಡಿದ್ದರು. ನಂಜನಗೂಡಿನ ಚಿಕ್ಕಸ್ವಾಮಿಯ ಅಂಗಡಿಯಲ್ಲಿ ಎರಡು ಬಗೆಯ ಕ್ಯಾಲ್ಕುಲೇಟರನ್ನೂ ಕೈಯಲ್ಲಿ ಹಿಡಿದು, "ಸೆಲ್ ಹಾಕೋದೇ ತಗೊ ಮಗಾ, ನಾಳೆ ಮನೆ ಲೆಕ್ಕಕ್ಕೂ ಆಯ್ತದೆ. ಬೆಳಕ ನಂಬ್ಕೊಂಡು ಕೂತ್ಕೊಳಕಾಯ್ತದಾ?" ಎಂದಿದ್ದರು. ಅವಳು ಹಟ ಹಿಡಿದು ಬಿಸಿಲಿನದನ್ನೇ ಕೊಂಡಳು. ತೆಳ್ಳಗಿತ್ತು, ನೆತ್ತಿಯಲ್ಲಿ ಕಪ್ಪು ಗಾಜಿನ ಪಟ್ಟಿ. ಅದರ ಮೇಲೆ ಬೆಳಕು ಬಿದ್ದರೆ ಸಾಕು, ಪರೀಕ್ಷೆಯ ನಡುವೆ ಸೆಲ್ ಮುಗಿಯುವ ಭಯವಿಲ್ಲ.

ಬೆಳಿಗ್ಗೆ ಅಜ್ಜಿ ಗುರುಬಸಮ್ಮ ವಿಭೂತಿ ಹಿಡಿದು ಬಂದಾಗ ದಾಕ್ಷಾಯಿಣಿ ಮುಖ ತಿರುಗಿಸಿದ್ದಳು. "ಬ್ಯಾಡಜ್ಜಿ, ಅಲ್ಲೆಲ್ಲ ನಗ್ತಾರೆ."

"ಬ್ಯಾಡಾಂದ್ರೆ ಬ್ಯಾಡ ಕನವ್ವ. ಇದ್ಕಾದ್ರೂ ಇಕ್ತೀನಿ, ಇದು ಬ್ಯಾಡ ಅನ್ನಾಕಿಲ್ಲ," ಎಂದು ಅಜ್ಜಿ ಮೇಜಿನ ಮೇಲಿದ್ದ ಕ್ಯಾಲ್ಕುಲೇಟರಿನ ಕಡೆ ತಿರುಗಿದ್ದಳು. ಬಸ್ಸಿನ ಅವಸರದಲ್ಲಿ ದಾಕ್ಷಾಯಿಣಿ ಅದನ್ನು ನೋಡದೆಯೇ ಚೀಲಕ್ಕೆ ತುರುಕಿದ್ದಳು.

ಕೊಠಡಿಯಲ್ಲಿ ಚೀಲದಿಂದ ತೆಗೆದರೆ ಅದರ ಮೇಲೆ ವಿಭೂತಿಯ ಮೂರು ಬೆಳ್ಳನೆಯ ಪಟ್ಟೆ, ಗಟ್ಟಿಯಾಗಿ ಒಣಗಿದ್ದವು. ಪಕ್ಕದ ಹುಡುಗರು ಕಂಡರೆ ಮಾನ ಹೋದೀತೆಂದು ಅಂಗೈ ಅಡ್ಡ ಇಟ್ಟುಕೊಂಡೇ ಗುಂಡಿ ಒತ್ತುತ್ತಿದ್ದಳು. ಕಿಟಕಿಯ ಕಡೆ ವಾಲಿಸಿದಳು, ಬೆಂಚಿಗೆ ಕುಟ್ಟಿದಳು. ಅಪ್ಪನ ಮಾತು ಕೇಳಬೇಕಿತ್ತು ಎಂದು ಅಳು ಬಂತು.

"ಏನಮ್ಮ ಅದು ಕೈಯಡಿ? ಚೀಟಿನಾ? ತೆಗಿ ಕೈ." ಮೇಲ್ವಿಚಾರಕರು ಎದುರಿಗೇ ನಿಂತಿದ್ದರು.

ತೆಗೆದಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾಚಿಕೆಯಿಂದ ಕಿವಿ ಬಿಸಿಯಾದರೂ ಅವಳ ಕಣ್ಣು ಕ್ಯಾಲ್ಕುಲೇಟರಿನ ಮೇಲೆಯೇ ನೆಟ್ಟಿತು. ಅದರ ಹಣೆ ಯಾವುದೆಂದು ಅಜ್ಜಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಪ್ಪು ಗಾಜಿನ ಪಟ್ಟಿಯ ಮೇಲೆಯೇ, ಈ ತುದಿಯಿಂದ ಆ ತುದಿಗೆ, ದಪ್ಪಗೆ ಎಳೆದಿದ್ದಳು.

ಬೆವೆತ ಹೆಬ್ಬೆರಳಿನಿಂದ ಉಜ್ಜಿದಳು. ಪರದೆಯಲ್ಲಿ ಸೊನ್ನೆಯೊಂದು ಮೊದಲು ಮಸುಕಾಗಿ, ಆಮೇಲೆ ಸ್ಪಷ್ಟವಾಗಿ ಮೂಡಿತು.

ಬೆರಳ ತುಂಬ ವಿಭೂತಿ. ಲಂಗಕ್ಕೆ ಒರೆಸಲು ಹೋದ ಕೈ ಅಲ್ಲೇ ನಿಂತಿತು. ಎಲ್ಲರೂ ಇನ್ನೂ ನೋಡುತ್ತಲೇ ಇದ್ದರು. ಅವಳು ಅದನ್ನು ಹಣೆಗೆ ಎಳೆದುಕೊಂಡು, ಮೊದಲ ಲೆಕ್ಕದ ಅಂಕಿಗಳನ್ನು ಒತ್ತತೊಡಗಿದಳು.