ನಡುಮನೆಗೆ ಯಾವ ಬೆಳಕು

"ಕುರ್ಚಿ ಗಟ್ಟಿ ಹಿಡ್ಕಳವ್ವ, ಅಲ್ಲಾಡ್ತೈತೆ," ಎಂದಳು ಯಮುನಾ ಮೇಲಿನಿಂದ.

ಕಮಲಮ್ಮ ಹಿಡಿದೇ ಇದ್ದಳು. ಆದರೆ ಅವಳ ಗಮನ ಕುರ್ಚಿಯ ಮೇಲಾಗಲಿ, ಅದರ ಮೇಲೆ ನಿಂತ ಮಗಳ ಮೇಲಾಗಲಿ ಇರಲಿಲ್ಲ. ಹೆಣ್ಣು ನೋಡಲು ಬರುವವರು ಮತ್ತೋಡಿನಿಂದ ಆಗಲೇ ಹೊರಟಾಗಿತ್ತು. ಅವರು ಬಾಗಿಲಿಗೆ ಬರುವುದರೊಳಗೆ ನಡುಮನೆಯ ಬಿಳಿ ಬಲ್ಬು ಇಳಿದು ಹಳದಿ ಬೆಳಕು ಏರಬೇಕಿತ್ತು.

ಉಪಾಯ ಚಂದ್ರಕ್ಕನದು. ಚಂದ್ರಕ್ಕ ಯಮುನಾಳ ಸೋದರತ್ತೆ, ತೀರಿಹೋದ ಅಪ್ಪನ ಅಕ್ಕ. ಮದುವೆ ಕುದುರಿಸುವುದರಲ್ಲಿ ಹೊಳಲ್ಕೆರೆಗೇ ಎತ್ತಿದ ಕೈ. ಹಿಂದೊಮ್ಮೆ ಊಟಕ್ಕೆ ಕುಳಿತಾಗ ಯಮುನಾ, ಹಳದಿ ಲೈಟಿನ ಕೆಳಗೆ ಬಿಳಿ ಸೀರೆಯೂ ಕೆನೆ ಬಣ್ಣದ್ದಾಗಿ ಕಾಣುತ್ತದೆ, ಸೀರೆಯನ್ನು ಬಿಸಿಲಿಗೆ ತಂದು ನೋಡಬೇಕು ಎಂದು ಮಾತಿಗೆ ಹೇಳಿದ್ದಳು. ಅತ್ತೆ ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಹೋಗಿದ್ದಳು.

ಯಮುನಾಳ ಬಲಗೈಯ ಹಿಂಬದಿಯಲ್ಲಿ, ಬೆರಳುಗಳ ಬುಡದಿಂದ ಮಣಿಕಟ್ಟಿನವರೆಗೆ ಬಿಳಿ ಮಚ್ಚೆ. ಕುತ್ತಿಗೆಯ ಪಕ್ಕಕ್ಕೆ ಇನ್ನೊಂದು. ನೋವಿಲ್ಲ, ತುರಿಕೆಯಿಲ್ಲ, ಯಾರಿಗೂ ಅಂಟುವುದಿಲ್ಲ. ಡಾಕ್ಟರು ಹೇಳಿದ ಈ ಮಾತನ್ನು ಜನ ಬಲು ಬುದ್ಧಿವಂತರ ಹಾಗೆ ತಲೆಯಾಡಿಸಿ ಕೇಳುತ್ತಿದ್ದರು. ಕೇಳಿ ಮುಗಿದ ಮೇಲೆ ಅವಳು ಕೊಟ್ಟ ಕಾಫಿಯನ್ನು ಮಾತ್ರ ಮುಟ್ಟದೆ ಎದ್ದು ಹೋಗುತ್ತಿದ್ದರು.

ಕುತ್ತಿಗೆಗೆ ಸೆರಗಿತ್ತು. ಕೈಗೆ ಉದ್ದ ತೋಳಿನ ರವಿಕೆ, ಅದು ಮುಚ್ಚದ ಕಡೆ ಅರಿಶಿನ. ಮಿಕ್ಕಿದ್ದನ್ನು ಹಳದಿ ಬೆಳಕು ನೋಡಿಕೊಳ್ಳಬೇಕು.

ಇದರಲ್ಲಿ ನಗು ಬರುವ ಸಂಗತಿಯೆಂದರೆ, ಬೆಳಕು ಆಯ್ದುಕೊಡುವುದೇ ಯಮುನಾಳ ಕೆಲಸ. ಬಸ್‌ಸ್ಟ್ಯಾಂಡ್ ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅವಳು ಸೇಲ್ಸಿಗಿದ್ದಳು. ಗೃಹಪ್ರವೇಶ ಹತ್ತಿರ ಬಂದವರೆಲ್ಲ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. "ಅಡಿಗೆಮನೆಗೆ ಬಿಳೀದು ಹಾಕ್ರಿ, ಅಕ್ಕಿಯಾಗಿನ ಕಲ್ಲು ಕಾಣ್ಬೇಕು. ಮಲಗೋ ಕೋಣೆಗೆ ಹಳದಿ, ಕಣ್ಣಿಗೆ ತಂಪು. ಓದೋ ಮಕ್ಕಳಿದ್ರೆ ಅಲ್ಲಿ ಹಳದಿ ಬ್ಯಾಡ, ತೂಕಡಿಸ್ತಾವೆ." ಊರಿನ ಎಷ್ಟೋ ಕೋಣೆಗಳ ಬಣ್ಣ ಅವಳ ಬಾಯಿಂದ ಬಂದದ್ದು. ಅವಳ ಮನೆಯ ಬಣ್ಣ ಮಾತ್ರ ಚಂದ್ರಕ್ಕನ ಬಾಯಿಂದ ಬಂತು.

"ನಂಗೆ ಇದು ಸರಿ ಕಾಣ್ತಿಲ್ಲವ್ವ," ಎನ್ನುತ್ತ ಯಮುನಾ ಕೆಳಗಿಳಿದಳು.

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ," ಎಂದಳು ಕಮಲಮ್ಮ.

"ಆ ಸಾವಿರದಾಗೆ ನನ್ನ ಕೈನೂ ಒಂದಾ?"

ಕಮಲಮ್ಮ ಅರಿಶಿನದ ಬಟ್ಟಲು ತರಲು ಒಳಗೆ ಹೋದಳು. ಹೊಸ ಬಲ್ಬು ಮೂರು ಬಣ್ಣದ್ದು. ಸ್ವಿಚ್ಚು ಆರಿಸಿ ಹಾಕಿದಂತೆಲ್ಲ ಬಿಳಿ, ಹಳದಿ, ನಡುವಿನದು ಎಂದು ಬದಲಾಗುತ್ತ ಹೋಗುತ್ತದೆ. ಬಂದವರು ಹೋದ ಮೇಲೆ ಮತ್ತೆ ಕುರ್ಚಿ ಹತ್ತುವ ಕೆಲಸ ಬೇಡವೆಂದು ಕಮಲಮ್ಮನೇ ಅದನ್ನು ತರಿಸಿದ್ದಳು. ಹಳದಿಗೆ ತಂದು ನಿಲ್ಲಿಸಿದಾಗ ನಡುಮನೆ ಚೆನ್ನಾಗಿಯೇ ಕಂಡಿತು, ಸುಳ್ಳೇಕೆ. ಗೋಡೆಯ ಬಿರುಕು ಕೂಡ ಮಾಯವಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ಚಂದ್ರಕ್ಕ ಅವರನ್ನು ಕರೆದುಕೊಂಡು ಬಂದಳು: ಹುಡುಗ ಪ್ರಭುಲಿಂಗ, ಅವನ ತಾಯಿ ಅನುಸೂಯಮ್ಮ. ಹುಡುಗ ಮತ್ತೋಡಿನ ಹಾಲಿನ ಡೇರಿಯಲ್ಲಿ ಸೆಕ್ರೆಟರಿ. "ಬರ್ರಿ, ಕುಂತ್ಕಳ್ರಿ," ಎಂದು ಉಪಚಾರವಾಯಿತು. ಯಮುನಾ ಉಪ್ಪಿಟ್ಟು, ಕೇಸರಿಬಾತು, ಕಾಫಿ ತಂದು ಕೊಟ್ಟು ಎದುರಿಗೆ ಕುಳಿತಳು.

ಅನುಸೂಯಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನಾವು ಫೋಟೋ ಗೀಟೋ ನಂಬೋರಲ್ಲ ಕಣ್ರಿ. ಕಣ್ಣಾರೆ ನೋಡ್ಬೇಕು. ಒಳ್ಳೆ ಗೋಧಿ ಬಣ್ಣ, ಲಕ್ಷಣವಾಗವಳೆ."

ಚಂದ್ರಕ್ಕ ಬಲ್ಬನ್ನೇ ಹೆತ್ತವಳ ಹಾಗೆ ಬೀಗಿದಳು.

ಪ್ರಭುಲಿಂಗ ಕೆಟ್ಟ ಹುಡುಗನೇನಲ್ಲ. ಸಂಬಳ ಎಷ್ಟು, ಅಡುಗೆ ಬರುತ್ತದಾ ಎಂದು ಕೇಳಲಿಲ್ಲ. ಸ್ವಲ್ಪ ನಾಚಿಕೊಂಡೇ, "ನೀವು ಲೈಟಿನ ಅಂಗಡಿಯಾಗೆ ಇದೀರಂತೆ. ನಾವೂ ಮನೆ ಕಟ್ಟಿಸ್ತಿದೀವಿ. ನಮ್ ರೂಮಿಗೆ ಯಾವ ಲೈಟು ಹಾಕ್ಸಾಣ?" ಎಂದ.

ನಮ್ ರೂಮಿಗೆ ಎಂದದ್ದು ಯಮುನಾಳಿಗೆ ಹಿಡಿಸಿತು. ಅವನೂ ಹಿಡಿಸಿದ. ಹಳದಿ ಎಂಬ ಮಾತು, ದಿನಕ್ಕೆ ಹತ್ತಾರು ಜನಕ್ಕೆ ಹೇಳುವ ಮಾತು, ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಆ ಕೋಣೆಗೆ ಹಳದಿ. ಅವರ ನಡುಮನೆಗೂ ಹಳದಿ ಹಾಕಿಸಬೇಕಾಗುತ್ತದೆ. ಅಡುಗೆಮನೆಗೂ. ಬೆಳಗಾದ ಮೇಲೆ ಏನು ಮಾಡುವುದು? ಸೂರ್ಯನಿಗೆ ಸ್ವಿಚ್ಚು ಎಲ್ಲಿದೆ? ಬದುಕಿಡೀ ಬಲಗೈಯನ್ನು ಸೆರಗಿನಡಿ ಇಟ್ಟುಕೊಂಡು ಈ ಮನುಷ್ಯನ ಎದುರು ಓಡಾಡಬೇಕೇ? ಅವಳಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಅವನ ಮೇಲಲ್ಲ, ಅವ್ವನ ಮೇಲೂ ಅಲ್ಲ. ಗೋಧಿ ಬಣ್ಣವೆನಿಸಿಕೊಂಡು ತಲೆ ತಗ್ಗಿಸಿ ಕುಳಿತ ತನ್ನ ಮೇಲೆ.

"ಇರ್ರಿ, ಮೂರೂ ತೋರುಸ್ತೀನಿ. ನೋಡಿ ನೀವೇ ಹೇಳ್ರಿ," ಎಂದು ಎದ್ದಳು.

"ಏ, ಕುಂತ್ಕಳೇ!" ಎಂದಳು ಚಂದ್ರಕ್ಕ.

ಯಮುನಾ ಸ್ವಿಚ್ಚು ಆರಿಸಿ ಹಾಕಿದಳು. "ಇದು ನಡುವಿಂದು. ದೇವರ ಕೋಣೆಗೆ ಚೆನ್ನಾಗಿರ್ತೈತೆ." ಮತ್ತೊಮ್ಮೆ ಆರಿಸಿ ಹಾಕಿದಳು. ಗೋಡೆಯ ಬಿರುಕು ತಿರುಗಿ ಬಂತು. "ಇದು ಬಿಳೀದು. ಇದ್ರಾಗೆ ಇದ್ದಿದ್ದು ಇದ್ದಂಗೆ ಕಾಣ್ತೈತೆ." ಸೆರಗಿನಿಂದ ಅರಿಶಿನ ಒರೆಸಿ, ರವಿಕೆಯ ತೋಳನ್ನು ಮೇಲಕ್ಕೆ ಎಳೆದು, ಬಲಗೈಯನ್ನು ಅವರ ಮುಂದೆ ಚಾಚಿದಳು. "ಇದು ನನ್ನ ಕೈ."

ಕಮಲಮ್ಮ ಓಡಿ ಬಂದು ಸ್ವಿಚ್ಚನ್ನು ಎರಡು ಸಲ ತಟ್ಟಿದಳು. ಹಳದಿ ಬಂತು. ಯಮುನಾ ತಟ್ಟಿದಳು, ನಡುವಿನದು ಬಂತು. ಚಂದ್ರಕ್ಕ ಯಾವುದು ಏನೆಂದು ತಿಳಿಯದೆ ತಾನೂ ಕೈ ಹಾಕಿ ತಟ್ಟಿದಳು, ಬಿಳಿಯೇ ಬಂತು. ಉಪ್ಪಿಟ್ಟಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ತಾಯಿ ಮಗ ಇಬ್ಬರೂ ಕಣ್ಣು ಪಿಳಿಪಿಳಿ ಬಿಟ್ಟು ನೋಡುತ್ತಿದ್ದರು. ಯಮುನಾ ಬಲ ಅಂಗೈಯನ್ನು ಸ್ವಿಚ್ಚಿನ ಮೇಲೆ ಒತ್ತಿ ಹಿಡಿದು ನಿಂತಳು. ಇನ್ನು ತಟ್ಟಬೇಕಾದರೆ ಆ ಕೈಯನ್ನು ಮುಟ್ಟಿ ಸರಿಸಬೇಕಿತ್ತು. ಚಂದ್ರಕ್ಕ ಮುಟ್ಟಲಿಲ್ಲ.

"ಮೊದ್ಲೇ ಹೇಳ್ಬೇಕಿತ್ತಲ್ರಿ ನೀವು," ಎಂದಳು ಅನುಸೂಯಮ್ಮ ತಟ್ಟೆ ಕೆಳಗಿಟ್ಟು.

"ಹೌದು, ಹೇಳ್ಬೇಕಿತ್ತು. ನಮ್ದು ತಪ್ಪು," ಎಂದಳು ಯಮುನಾ. "ಈಗ ಹೇಳೀನಿ. ಅಂಟೋ ಕಾಯಿಲೆ ಅಲ್ಲ. ಹೋಗೋದೂ ಇಲ್ಲ. ಬೇಕಂದ್ರೆ ಹಿಂಗೇ ಬೇಕು, ಬ್ಯಾಡಂದ್ರೆ ಬ್ಯಾಡ."

ಪ್ರಭುಲಿಂಗ ಆ ಕೈಯನ್ನು ನೋಡಿದ. ಮುಖ ನೋಡಿದ. ಬಾಯಿ ತೆರೆದ. ಆಮೇಲೆ ತಾಯಿಯ ಕಡೆ ನೋಡಿದ, ಅಲ್ಲಿಗೆ ಮುಗಿಯಿತು. ಇಬ್ಬರೂ ಎದ್ದರು. ಕಾಫಿಯ ಲೋಟಗಳು ತುಂಬಿದಂತೆಯೇ ಇದ್ದವು.

"ಇನ್ನ ಈ ಮನೆ ಹೊಸ್ತಿಲು ತುಳಿದ್ರೆ ಕೇಳು," ಎಂದು ತಮ್ಮನ ಹೆಂಡತಿಗೂ ಮಗಳಿಗೂ ಒಟ್ಟಿಗೆ ಸಾರಿ ಚಂದ್ರಕ್ಕ ಅವರ ಹಿಂದೆ ಓಡಿದಳು.

ಕಮಲಮ್ಮ ಗೋಡೆಗೊರಗಿ ಕುಸಿದು ಕುಳಿತಳು. "ಹಾಳು ಮಾಡ್ಕಂಡೆ. ಕೈಯಾರೆ ಹಾಳು ಮಾಡ್ಕಂಡೆ."

"ಆ ಮನೆಯಾಗೆ ದಿನಾ ಹೆದರ್ಕಂಡು ಬದುಕೋದು ಹಾಳಲ್ವೇನವ್ವ?" ಎಂದಳು ಯಮುನಾ. ಅವನು ಹಿಡಿಸಿದ್ದು ನಿಜ, ನೋವಾದದ್ದೂ ನಿಜ. ಆದರೂ ಅವಳು ಸ್ವಿಚ್ಚಿನ ಹತ್ತಿರದಿಂದ ಕದಲಲಿಲ್ಲ. "ನಾನೇನು ಕದ್ದ ಮಾಲಾ, ಕತ್ಲೆಯಾಗೆ ಸಾಗ್ಸೋಕೆ?"

ಕಮಲಮ್ಮ ತಲೆಯೆತ್ತಿ ಮಗಳನ್ನು ನೋಡಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಶಾಂತಕ್ಕ ಬಾಗಿಲಲ್ಲಿ ಇಣುಕಿದಳು. ಯಾರ ಮನೆಯಲ್ಲಿ ಏನಾಯಿತೆಂದು ತಿಳಿಯದೆ ಅವಳಿಗೆ ಅನ್ನ ಇಳಿಯುವುದಿಲ್ಲ. "ಏನ್ ಕಮಲಮ್ಮ, ಆಗ್ಲೇ ಹೋದ್ರಾ? ಏನಂದ್ರು?"

ಊರಿಗೆ ಹೋಗಿ ಹೇಳಿಕಳಿಸುತ್ತಾರಂತೆ ಎನ್ನುವುದು ಇಂಥ ಹೊತ್ತಿನಲ್ಲಿ ಕಮಲಮ್ಮನ ವಾಡಿಕೆಯ ಮಾತು. ಅವಳು ಮೂಗು ಸೀಟಿಕೊಂಡು ಎದ್ದು ನಿಂತಳು.

"ತೊನ್ನು ಐತೆ ನನ್ನ ಮಗಳಿಗೆ. ಒಪ್ಪಲಿಲ್ಲ, ಹೋದ್ರು," ಎಂದಳು. ಆ ಶಬ್ದವನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿದ್ದಿಲ್ಲ. "ಉಪ್ಪಿಟ್ಟು ಉಳಿದೈತೆ. ಒಳಕ್ಕೆ ಬಂದು ಅವಳ ಕೈಯಾಗೆ ಇಸ್ಕಂಡು ತಿಂತೀಯೋ, ಇಲ್ಲ ಅಲ್ಲೇ ನಿಂತು ಹೋಗ್ತೀಯೋ?"

ಶಾಂತಕ್ಕ ಬೀದಿಯ ಆ ತುದಿ ಈ ತುದಿ ನೋಡಿದಳು. ಚಪ್ಪಲಿ ಬಿಟ್ಟಳು. ಒಳಗೆ ಬಂದು, ಬಿಳಿ ಬೆಳಕಿಗೆ ಕಣ್ಣು ಕಿರಿದು ಮಾಡಿ, ಗಂಡಿನ ಕಡೆಯವರು ಬಿಟ್ಟುಹೋದ ಕುರ್ಚಿಯಲ್ಲಿ ಕುಳಿತಳು. ಯಮುನಾ ತೋಳು ಇಳಿಸದೆಯೇ ತಟ್ಟೆಗೆ ಬಡಿಸಿ ಕೊಟ್ಟಳು. ಶಾಂತಕ್ಕ ಆ ಕೈಯನ್ನು ಚೆನ್ನಾಗಿಯೇ ನೋಡಿ ತಟ್ಟೆ ತೆಗೆದುಕೊಂಡು, ಒಂದು ತುತ್ತು ಬಾಯಿಗಿಟ್ಟು ಅಗಿದಳು.

"ಉಪ್ಪು ಕಮ್ಮಿ ಐತಲ್ಲೇ," ಎಂದಳು.

ಕಮಲಮ್ಮ ಉಪ್ಪಿನ ಡಬ್ಬಿ ತರಲು ಒಳಗೆ ಹೋದಳು.