ಆನೆಯನ್ನು ಇಳಿಸುವ ಜಾಗ

ಕ್ರೇನನ್ನು ನಿಲ್ಲಿಸಿದ್ದು ಅವಳೇ. ನಿಲ್ಲಿಸು ಎಂದು ಯಾರೂ ಹೇಳಿರಲಿಲ್ಲ, ಆದದ್ದನ್ನು ಯಾರೂ ನೋಡಿಯೂ ಇರಲಿಲ್ಲ. ನಡುಮಧ್ಯಾಹ್ನ, ಒಂದು ಕಟ್ಟು ಕಬ್ಬಿಣದ ಸರಳು ಗಾಳಿಯಲ್ಲಿ ತೂಗುತ್ತಿತ್ತು. ಅವಳ ರೆಪ್ಪೆ ಮುಚ್ಚಿತು, ಮತ್ತೆ ತೆರೆಯಿತು. ಅಷ್ಟೇ. ಆದರೆ ಮುಚ್ಚಿದಾಗ ಆ ಕಟ್ಟು ಎಡಗಡೆಗಿತ್ತು, ತೆರೆದಾಗ ಬಲಗಡೆಗಿತ್ತು. ನಡುವಿನ ದಾರಿಯನ್ನು ಅವಳು ನೋಡಿಯೇ ಇರಲಿಲ್ಲ.

ಸರಳನ್ನು ಜೋಪಾನವಾಗಿ ನೆಲಕ್ಕೆ ಮುಟ್ಟಿಸಿ, ಮೋಟಾರು ಆರಿಸಿ, ವಾಕಿಟಾಕಿಯಲ್ಲಿ "ಕೆಳಗೆ ಬರ್ತಿದ್ದೀನಿ, ನನ್ನ ಕಣ್ಣು ನನ್ನ ಮಾತು ಕೇಳ್ತಿಲ್ಲ" ಎಂದು ಹೇಳಿ ಏಣಿ ಇಳಿದಳು.

ಕಟ್ಟಡದ ಕೆಲಸದವರೆಲ್ಲ ಅವಳನ್ನು ಕರೆಯುತ್ತಿದ್ದುದು ಮೇಲಿನಕ್ಕ ಎಂದು. ಅವಳ ಮುಖ ಕಂಡವರಿಗಿಂತ ಮೇಲಿನಿಂದ ಬರುವ ಅವಳ ದನಿ ಕೇಳಿದವರೇ ಹೆಚ್ಚು. ಆವತ್ತು ನೆಲದ ಮೇಲೆ ನಿಂತ ಮೇಲಿನಕ್ಕನನ್ನು ನೋಡಿ ಇಂಜಿನಿಯರಿಗೇ ಒಂಥರಾ ಆಯಿತು.

"ಹೇಳಿದ್ದು ಒಳ್ಳೇದಾಯ್ತು," ಎಂದ ಅವನು. "ಆದ್ರೆ ಹೇಳಿದ ಮೇಲೆ ನಾನು ನಿಮ್ಮನ್ನ ಮೇಲೆ ಕಳಿಸೋ ಹಾಗಿಲ್ಲ. ಡಾಕ್ಟ್ರು ಪರೀಕ್ಷೆ ಮಾಡಿ ಸರಿ ಅನ್ನಲಿ, ಕೀಲಿ ನಿಮ್ಮದೇ. ಅಲ್ಲೀವರೆಗೂ ಸ್ಟೋರ್ ನೋಡ್ಕೊಳ್ಳಿ. ಈ ತಿಂಗಳೊಳಗೆ ಆಗ್ಲಿಲ್ಲ ಅಂದ್ರೆ ಮಾತ್ರ ಕಂಪನಿ ಬೇರೆಯವರನ್ನ ಕಾಯಂ ಮಾಡುತ್ತೆ. ಅದು ನನ್ನ ಕೈಲಿಲ್ಲ."

ಕಟ್ಟಡ ಬೆಳೆದ ಹಾಗೆಲ್ಲ ಅವಳ ನಿದ್ದೆ ಸವೆಯುತ್ತ ಬಂದಿತ್ತು. ಮಹಡಿಗೆ ಮಹಡಿ ಸೇರಿದಂತೆ ಕ್ರೇನಿನಲ್ಲಿ ಅವಳು ಕೂರುವ ಗೂಡೂ ಮೇಲೆ ಹೋಯಿತು, ಗಾಳಿಗೆ ಜಾಸ್ತಿ ತೂಗತೊಡಗಿತು. ಹಗಲೆಲ್ಲ ತೂಗಿದ ಮೈ ರಾತ್ರಿ ಹಾಸಿಗೆಯ ಮೇಲೂ ತೂಗುತ್ತಿತ್ತು. ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ.

ಡಾಕ್ಟರಮ್ಮ ಮಾತ್ರೆ ಕೊಡಲಿಲ್ಲ. "ಬರೆದುಕೊಡೋದು ಸುಲಭ. ಆದ್ರೆ ಇದನ್ನ ತಿಂದವರನ್ನ ಬೆಳಿಗ್ಗೆ ಆ ಎತ್ತರಕ್ಕೆ ನಾನೇ ಹತ್ತಿಸಲ್ಲ. ಒಂದು ಆಟ ಹೇಳ್ತೀನಿ, ನಗಬೇಡಿ. ದೀಪ ಆರಿಸಿದ ಮೇಲೆ ಮನೇಲಿ ಯಾರಾದ್ರೂ ಮೆಲ್ಲಗೆ ಒಂದು ಪದ ಹೇಳ್ಲಿ. ಕುರ್ಚಿ, ಬಾಚಣಿಗೆ, ಏನಾದ್ರೂ. ನೀವು ಅದನ್ನ ಕಣ್ಣೊಳಗೆ ತಂದ್ಕೊಂಡು ಸ್ವಲ್ಪ ಹೊತ್ತು ನೋಡಿ, ಬಿಟ್ಬಿಡಿ. ಆಮೇಲೆ ಇನ್ನೊಂದು ಪದ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇರಬಾರ್ದು. ಗೆಲ್ಲೋದಿಲ್ಲ, ಸೋಲೋದಿಲ್ಲ."

ಮೆಲ್ಲಗೆ ಎಂಬುದೇ ತೊಡಕಾಯಿತು. ಅವಳ ಗಂಡ ಬಸ್ ನಿಲ್ದಾಣದಲ್ಲಿ ಮೈಕಿನಲ್ಲಿ ಬಸ್ಸುಗಳ ಹೊತ್ತು ಕೂಗುವವನು. ಮದುವೆಯಾದ ಹೊಸತರಲ್ಲಿ ಅವನು ಹೇಳಿದ ಗುಟ್ಟುಗಳೆಲ್ಲ ಇಡೀ ಬೀದಿಗೆ ಗೊತ್ತಾಗಿದ್ದವು.

"ಕುರ್ಚಿ!" ಎಂದ, ದೀಪ ಆರಿಸಿ.

ಗೋಡೆಯಾಚೆ ಪಕ್ಕದ ಮನೆಯವರು ಕೆಮ್ಮಿದರು.

"ರೀ, ಮೆಲ್ಲಗೆ. ಕುರ್ಚಿ ಎಷ್ಟು ಗಂಟೆಗೆ ಹೊರಡುತ್ತೆ ಅಂತಾನೂ ಹೇಳಿಬಿಡಿ."

"ಇದಕ್ಕಿಂತ ಮೆಲ್ಲಗೆ ಅಂದ್ರೆ ನಾನು ಬಾಯೇ ತೆಗೀಬಾರ್ದು ಕಣೇ. ಕೊಡೆ... ಆನೆ... ಬಸ್ಸು."

"ಖಾಲಿ ಬಸ್ಸಾ, ಜನ ಇದ್ದಾರಾ?"

"ಬಸ್ಸಂದ ಮೇಲೆ ಜನ ಇರಲ್ವಾ? ನಿಂತ್ಕೊಂಡೂ ಇದ್ದಾರೆ."

ಅವಳು ಎದ್ದು ಕೂತಳು. "ಜನರನ್ನ ಎತ್ತೋ ಹಾಗಿಲ್ಲ ರೀ!"

"ಎತ್ತು ಅಂದವರು ಯಾರು? ನೋಡು ಅಂದ್ರೆ ಸಾಕಲ್ವಾ?"

ನಡುಮನೆಯ ಪರದೆಯಾಚೆ ಅತ್ತೆಯ ಮಂಚ. ಅಲ್ಲಿಂದ ದನಿ ಬಂತು: "ಲೋ, ಆ ಬಸ್ಸಲ್ಲಿ ನನಗೂ ಒಂದು ಸೀಟು ಹಿಡಿಯೋ. ಎಲ್ಲಾದ್ರೂ ಹೋಗಿ ಮಲಗ್ತೀನಿ."

ಗಂಡನಿಗೆ ನಗು ಬಂತು, ನಕ್ಕ, ನಕ್ಕವನೇ ನಿದ್ದೆ ಹೋದ. ಅವಳು ಮಾತ್ರ ಎಚ್ಚರ. ನೋಡುವುದೆಂದರೆ ಎತ್ತುವುದು, ಬೇರೆ ಥರ ನೋಡಲು ಅವಳಿಗೆ ಬರುತ್ತಿರಲಿಲ್ಲ. ಕುರ್ಚಿ ಎಂದರೆ ಅದರ ಭಾರ ಎಲ್ಲಿ ಕೂತಿದೆ, ಪಟ್ಟಿ ಎಲ್ಲಿ ಸುತ್ತಬೇಕು, ಕೊಕ್ಕೆ ಎಲ್ಲಿ ಹಾಕಬೇಕು. ಕೊಡೆ ಎಂದರೆ ಗಾಳಿ ಎತ್ತ ಬೀಸುತ್ತಿದೆ. ಆನೆಗಂತೂ ಹೊಟ್ಟೆಯಡಿ ಅಗಲವಾದ ಪಟ್ಟಿ ಎರಡು ಕಡೆ. ಎಲ್ಲವನ್ನೂ ಎತ್ತಿದ್ದಳು, ಎಲ್ಲವೂ ಕತ್ತಲಲ್ಲಿ ತೂಗುತ್ತಿದ್ದವು. ಬಿಟ್ಟುಬಿಡಿ ಎಂದಿದ್ದರು ಡಾಕ್ಟರಮ್ಮ. ಎತ್ತಿದ್ದನ್ನು ಯಾರಾದರೂ ಹಾಗೆ ಬಿಟ್ಟುಬಿಡುತ್ತಾರೆಯೇ?

ಬೆಳಿಗ್ಗೆ ಸ್ಟೋರಿನಲ್ಲಿ ಕೈಗವಸುಗಳನ್ನು ಜೋಡಿ ಹಾಕುತ್ತ ಕೂತಿದ್ದಾಗ ಕಂಪನಿ ಕಳಿಸಿದ ಹೊಸಬ ಬಾಗಿಲಲ್ಲಿ ಬಂದು ನಿಂತ. ಒಳ್ಳೆಯ ಹುಡುಗನೇ. ಅದೇ ಇನ್ನಷ್ಟು ಉರಿಸಿತು.

"ಅಕ್ಕ, ಮೇಲಿನ ಸೀಟು ಸ್ವಲ್ಪ ಹಿಂದಕ್ಕೆ ಸರಿಸಿದ್ದೀನಿ. ನನ್ನ ಕಾಲು ಉದ್ದ. ಬೇಜಾರಿಲ್ಲ ತಾನೇ?"

"ಸೀಟು ಕಂಪನಿದು. ನನಗ್ಯಾಕೆ ಬೇಜಾರು?" ಎಂದಳು. ಅವನು ಹೋದಮೇಲೆ ನೋಡಿದರೆ ಜೋಡಿ ಹಾಕಿದ್ದ ಗವಸುಗಳೆಲ್ಲ ಎಡಗೈಯವೇ.

ಆ ರಾತ್ರಿ ಗಂಡನಿಗೆ ರಾತ್ರಿ ಪಾಳಿ. ಊಟವಾಗಿ ಪಾತ್ರೆ ತೊಳೆದು ಮಲಗಿದಳು. ಪದ ಹೇಳುವವರಿಲ್ಲ. ಆದರೂ ಹಿಂದಿನ ದಿನದ ಸಾಮಾನುಗಳು ಒಂದೊಂದಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ನೇತುಬಿದ್ದವು. ಹೊರಳಿದಳು. ಮತ್ತೆ ಹೊರಳಿದಳು.

"ಏನೇ ಅದು, ಹಾಸಿಗೆ ಹರಿಯೋ ಹಾಗೆ ಹೊರಳಾಡ್ತಿದ್ದೀಯ?" ಪರದೆಯಾಚೆಯಿಂದ ಅತ್ತೆ ಕೇಳಿದರು. ಆಯುಷ್ಯವೆಲ್ಲ ಹೊಲಿಗೆ ಅಂಗಡಿಯಲ್ಲಿ ಕಳೆದವರು ಅವರು. ನಾಲಿಗೆಗೂ ಕತ್ತರಿಯದೇ ಹರಿತ.

"ಏನಿಲ್ಲ ಅತ್ತೆ. ಆನೆ."

"ಯಾವ ಆನೆ?"

"ನಿನ್ನೆ ನಿಮ್ಮ ಮಗ ಹೇಳಿದ್ರಲ್ಲ, ಅದೇ. ಇನ್ನೂ ನೇತಾಡ್ತಿದೆ."

ಪರದೆಯಾಚೆ ಮಂಚ ಕಿರುಗುಟ್ಟಿತು. ಸೊಸೆಗೆ ಬುದ್ಧಿಭ್ರಮಣೆಯೋ ಏನೋ ಎಂದು ಯೋಚಿಸುತ್ತಿದ್ದಿರಬೇಕು. ಆಮೇಲೆ ಅವರಿಗೆ ನಿಜಕ್ಕೂ ಸಿಟ್ಟು ಬಂತು.

"ನಿನ್ನೆಯಿಂದಾನಾ? ಅಯ್ಯೋ ಪಾಪ! ಕಾಲು ಜೋಮು ಹಿಡಿದಿರುತ್ತೆ ಅದಕ್ಕೆ. ಇಳಿಸೇ!"

"ಎಲ್ಲಿ ಇಳಿಸಲಿ?"

"ಇಲ್ಲೇ, ನನ್ನ ಮಂಚದ ಪಕ್ಕ. ತಡಿ, ಚಪ್ಪಲಿ ಸರಿಸ್ತೀನಿ."

ಅತ್ತೆ ನಿಜವಾಗಿಯೂ ಎದ್ದು ಚಪ್ಪಲಿ ಸರಿಸಿದ ಸದ್ದು ಕೇಳಿಸಿತು. ಆಮೇಲೆ, ಸೂಜಿಗೆ ದಾರ ಪೋಣಿಸುವಾಗಿನ ಏಕಾಗ್ರತೆಯಲ್ಲಿ, "ಹಾಂ, ಬರಲಿ. ಮೆಲ್ಲಗೆ. ಇನ್ನೂ ಸ್ವಲ್ಪ. ಮುಂಗಾಲು ಮುಟ್ತು. ಹಿಂಗಾಲು... ಹಾಂ, ಮುಟ್ತು."

ಉಕ್ಕಿನ ಹಗ್ಗ ಸಡಿಲವಾದದ್ದು ಅವಳ ಭುಜಕ್ಕೆ ಗೊತ್ತಾಯಿತು. ಆಗ ಹೊಳೆಯಿತು. ಕೆಲಸದಲ್ಲಿ ನೆಲದ ಮೇಲೆ ಒಬ್ಬ ನಿಂತಿರುತ್ತಾನೆ, ಅವನು ಕೈ ತೋರಿಸದೆ ಅವಳು ಒಂದು ಗೇಣೂ ಇಳಿಸುವುದಿಲ್ಲ. ಹಾಸಿಗೆಯಲ್ಲಿ ಇಷ್ಟು ದಿನ ಕೈ ತೋರಿಸುವವರು ಯಾರಿದ್ದರು? ಎತ್ತು ಎನ್ನುವವರಿಗೇನು ಬರ!

"ಇನ್ನೇನಿದೆ ಮೇಲೆ?" ಅತ್ತೆ ಕೇಳಿದರು.

"ಕೊಡೆ, ಕುರ್ಚಿ."

"ಕೊಡೆ ಬಾಗಿಲ ಹಿಂದೆ. ಕುರ್ಚಿ..."

ಕುರ್ಚಿಯನ್ನು ಎಲ್ಲಿಡಲು ಹೇಳಿದರೋ ಅವಳಿಗೆ ತಿಳಿಯಲಿಲ್ಲ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬೆಳಕಿತ್ತು, ಗಂಡ ಪಾಳಿ ಮುಗಿಸಿ ಬಂದು ಶೂ ಬಿಚ್ಚುತ್ತಿದ್ದ.

ಅಂದಿನಿಂದ ಆಟ ಅತ್ತೆಯದಾಯಿತು. ಅವರ ನಿಯಮಗಳು ಡಾಕ್ಟರಮ್ಮನ ಪುಸ್ತಕದಲ್ಲಿ ಇರಲಾರವು. ಪದದ ಜೊತೆಗೆ ಜಾಗವನ್ನೂ ಅವರೇ ಹೇಳಬೇಕು. "ಬೀರು. ಕಿಟಕಿ ಕೆಳಗೆ ಇಡು. ಬಾಗಿಲು ಈ ಕಡೆಗಿರಲಿ, ಹ್ಞೂಂ." "ದಿಂಬು. ಇದಕ್ಕೆಲ್ಲ ಕ್ರೇನ್ ಬೇಡ, ಆದ್ರೂ ಬರಲಿ." ಗಂಡನಿಗೆ ಸ್ವಲ್ಪ ಹೊಟ್ಟೆಯುರಿ. "ನಾನು ದಿನಾ ಸಾವಿರ ಜನಕ್ಕೆ ಹೇಳ್ತೀನಿ, ಎಲ್ಲರೂ ಸರಿಯಾಗಿ ಹೋಗಿ ಬಸ್ ಹತ್ತುತ್ತಾರೆ. ಕಟ್ಕೊಂಡವಳೊಬ್ಬಳಿಗೆ ನನ್ನ ಮಾತು ಹಿಡಿಸಲಿಲ್ಲ," ಎಂದು ಮುಸುಕೆಳೆದ. ಕೆಲವು ರಾತ್ರಿ ನಿದ್ದೆ ಬೇಗ ಬಂತು, ಕೆಲವು ರಾತ್ರಿ ಮನೆಯ ಸಾಮಾನೆಲ್ಲ ಮುಗಿದು ಪಕ್ಕದ ಮನೆಯ ಸಾಮಾನನ್ನೂ ಇಳಿಸಬೇಕಾಯಿತು. ಆದರೂ ಬಂತು. ಡಾಕ್ಟರಮ್ಮ ಪರೀಕ್ಷೆಗೆ ದಿನ ಕೊಟ್ಟರು.

ಪರೀಕ್ಷೆಯ ಹಿಂದಿನ ರಾತ್ರಿಯೇ ಎಡವಟ್ಟಾಯಿತು.

"ಹೊಲಿಗೆ ಯಂತ್ರ," ಎಂದರು ಅತ್ತೆ. "ನನ್ನ ಅಂಗಡೀದು. ಕಾಲಲ್ಲಿ ತುಳಿಯೋದು. ಎತ್ತು."

ಎತ್ತಿದಳು. ಭಾರವಾದ ಎರಕದ ಕಾಲು, ಮೇಲೆ ಮರದ ಹಲಗೆ, ಭಾರವೆಲ್ಲ ಒಂದು ಪಕ್ಕಕ್ಕೆ. ಕಾದಳು. ಜಾಗ ಬರಲಿಲ್ಲ. ಬಂದದ್ದು ಗೊರಕೆ.

"ಅತ್ತೆ?"

ಗೊರಕೆ.

ಎಬ್ಬಿಸೋಣವೆಂದುಕೊಂಡಳು. ಮಧ್ಯಾಹ್ನವಿಡೀ ಮಗನ ಅಂಗಿಗಳಿಗೆ ಗುಂಡಿ ಹಚ್ಚಿ ದಣಿದಿದ್ದ ಜೀವ. ಗಂಡ ಪಾಳಿಯಲ್ಲಿದ್ದ. ಹೊಲಿಗೆ ಯಂತ್ರ ತೂಗುತ್ತಿತ್ತು. ಅದರ ಹಿಂದೆಯೇ ನಾಳೆ, ಹೊಸಬನ ಉದ್ದ ಕಾಲು, ಹಿಂದಕ್ಕೆ ಸರಿದ ಸೀಟು, ಎಲ್ಲ ತೂಗತೊಡಗಿದವು. ಈ ರಾತ್ರಿ ಹೋದರೆ ಎಲ್ಲ ಹೋದಂತೆಯೇ.

ಇಳಿಸಬೇಕು. ಆದರೆ ಕೆಳಗೆ ಯಾರೂ ಇಲ್ಲ.

ಹಾಗಾದರೆ ಕೆಳಗೆ ತಾನೇ ಹೋಗಬೇಕು. ಇಷ್ಟು ವರ್ಷ ಮೇಲಿನಿಂದ ನೋಡಿದ್ದ ನೆಲಕ್ಕೆ ಅವಳು ಕಣ್ಣು ಮುಚ್ಚಿಕೊಂಡೇ ಇಳಿದಳು, ಮೆಟ್ಟಿಲಿಗೆ ಮೆಟ್ಟಿಲು. ನಿಂತಳು. ತಲೆಯೆತ್ತಿದರೆ ಅಷ್ಟು ಎತ್ತರದಲ್ಲಿ ಗಾಜಿನ ಗೂಡು, ಅದರೊಳಗೆ ಒಬ್ಬಳು ಹೆಂಗಸು, ಬೆನ್ನು ಸೆಟೆಸಿಕೊಂಡು, ಕೈ ಹಿಡಿಕೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಾಳೆ. ಎಷ್ಟು ದಣಿದಿದ್ದಾಳಲ್ಲ ಇವಳು, ಅನ್ನಿಸಿತು. ಕೈ ಚಾಚಿ, ಅಂಗೈ ಕೆಳಗೆ ಮಾಡಿ, ಮೆಲ್ಲಗೆ ಆಡಿಸಿದಳು. ಬರಲಿ. ಇನ್ನೂ ಸ್ವಲ್ಪ. ಗೋಡೆಯ ಪಕ್ಕ, ಬೆಳಕು ಬೀಳೋ ಕಡೆ. ನಾನಿದ್ದೀನಿ, ಬಾ.

ಮೇಲಿನವಳು ನಂಬಿದಳು.

ಮರುದಿನ ಪರೀಕ್ಷೆಯಲ್ಲಿ ಪರದೆಯ ಮೇಲೆ ದೀಪ ಮಿನುಗಿದಾಗಲೆಲ್ಲ ಗುಂಡಿ ಒತ್ತಬೇಕಿತ್ತು. ಒತ್ತಿದಳು. ಡಾಕ್ಟರಮ್ಮ ನೋಡಿ, "ಚೆನ್ನಾಗಿದೆ. ಆದ್ರೆ ಒಂದು ತಿಂಗಳು ಅರ್ಧ ದಿನ ಮಾತ್ರ. ಮಧ್ಯಾಹ್ನದ ಮೇಲೆ ಬೇರೆಯವರು ಓಡಿಸ್ಲಿ," ಎಂದರು.

ಅರ್ಧ ದಿನ! ಮೊದಲಾಗಿದ್ದರೆ ಜಗಳವಾಡುತ್ತಿದ್ದಳು. ಅವಳು ಏರಿದ ಕ್ರೇನನ್ನು ಆ ದಿನ ಬೇರೆಯವರು ಮುಟ್ಟಿದ್ದೇ ಇಲ್ಲ.

ಸೋಮವಾರ ಸೀಟನ್ನು ಮುಂದಕ್ಕೆ ಎಳೆದುಕೊಂಡು ಕೂತಳು. ಹೊತ್ತು ನೆತ್ತಿಗೇರುವವರೆಗೆ ಇಟ್ಟಿಗೆ, ಕಿಟಕಿಯ ಚೌಕಟ್ಟು, ನೀರಿನ ಟ್ಯಾಂಕು ಎಂದು ಎತ್ತಿದಳು, ಇಳಿಸಿದಳು. ಕಣ್ಣು ದಾರಿಯನ್ನೆಲ್ಲ ನೋಡಿತು. ಊಟದ ಹೊತ್ತಿಗೆ ಏಣಿಯ ಬುಡದಲ್ಲಿ ಹೊಸಬ ಕಾಯುತ್ತಿದ್ದ.

"ಕೀಲಿ ತಗೋ," ಎಂದಳು. "ಮೂಡಣ ಗಾಳಿ ಇದೆ ಇವತ್ತು. ತಿರುಗಿಸುವಾಗ ನಿಧಾನ."

"ಆಯ್ತಕ್ಕ. ನೀವಿನ್ನು ಮನೆಗಾ?"

"ಮನೆಗೇ. ಊಟ ಮಾಡ್ಬೇಕು, ಹೊಟ್ಟೆ ತಾಳ ಹಾಕ್ತಿದೆ."

ಗೇಟು ದಾಟುವಾಗ ತಲೆಯ ಮೇಲೆ ಮೋಟಾರು ಗುರುಗುಟ್ಟಿತು. ತಿರುಗಬಾರದೆಂದುಕೊಂಡಿದ್ದವಳು ತಿರುಗಿ ನೋಡಿದಳು. ಬಾಗಿಲುಗಳ ಒಂದು ಕಟ್ಟು ಆಕಾಶದಲ್ಲಿತ್ತು. ಅವಳಿಗಿಂತ ಸ್ವಲ್ಪ ಬೇಗ ತಿರುಗಿಸುತ್ತಿದ್ದ ಹುಡುಗ, ಆದರೆ ಕೆಳಗಿನವನ ಕೈಯನ್ನು ನೋಡುತ್ತಿದ್ದ. ಅಷ್ಟು ಸಾಕು. ಬೀದಿಗಿಳಿದು ನಡೆದಳು.