ಹುಳುಮನೆಯ ಹೊರಗಿನ ಮೊಳೆ

ರಾಯದುರ್ಗದಲ್ಲಿ ಬೆಳಗಿನ ಬಸ್ಸು ಹಿಡಿದು, ನಡುವೆ ಎರಡು ಸಲ ಬಸ್ಸು ಬದಲಿಸಿ ಮಡಕಶಿರ ಮುಟ್ಟುವಷ್ಟರಲ್ಲಿ ನನಗೆ ಯಾರನ್ನೂ ಏನೂ ಕೇಳುವ ಮನಸ್ಸು ಉಳಿದಿರಲಿಲ್ಲ. ಕೇಳಬೇಕಾದ ಪ್ರಶ್ನೆಗಳು ನಲವತ್ತೆರಡಿದ್ದವು.

ಸ್ತನ ಕ್ಯಾನ್ಸರಿನ ಆಪರೇಷನ್ ಆದ ಕೆಲವರಿಗೆ ಆಮೇಲೆ ಆ ಕಡೆಯ ಕೈ ಊದಿಕೊಳ್ಳುತ್ತದೆ. ತೋಳಿಗೆ ಬಿಗಿಯಾದ ಎಲಾಸ್ಟಿಕ್ ಸ್ಲೀವ್ ದಿನವಿಡೀ ಹಾಕಿಕೊಂಡರೆ, ಕೈಕೆಲಸದಿಂದಲೇ ಬದುಕುವ ನಮ್ಮ ಕಡೆಯ ಹೆಂಗಸರಿಗೆ ಊತ ಎಷ್ಟು ಇಳಿಯುತ್ತದೆ ಎಂಬುದು ನಮ್ಮ ಅಧ್ಯಯನ. ಸ್ಲೀವಿನಿಂದ ನನ್ನ ಬಸ್ ಚಾರ್ಜಿನವರೆಗೆ ಎಲ್ಲಕ್ಕೂ ಒಂದೇ ಸಂಶೋಧನಾ ಅನುದಾನ. ಅದು ಮಾರ್ಚಿಗೆ ಮುಗಿಯುತ್ತದೆ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರ ಕೈ ಊತ ಇಳಿದಿತ್ತು. ಮಡಕಶಿರದ ಕಡೆಯವರದು ಇಳಿದಿರಲಿಲ್ಲ. ‘ದಿನಾ ಸ್ಲೀವ್ ಹಾಕುತ್ತೀರಾ?’ ಎಂಬುದಕ್ಕೆ ಎರಡೂ ಕಡೆ ‘ಹೌದು’ ಎಂದೇ ಇತ್ತು.

ಬಸ್ಸಿನಲ್ಲಿದ್ದಾಗ ಆಫೀಸಿನಿಂದ ಅಧ್ಯಯನದ ಮುಖ್ಯಸ್ಥ ಗೋವರ್ಧನ್ ಸಾರ್ ಫೋನು ಮಾಡಿದ್ದರು. “ಉಷಾರಾಣಿ, ಅಂಕಿ ಹಿಂಗೇ ಇದ್ರೆ ಸ್ಲೀವ್ ಕೆಲಸ ಮಾಡಲ್ಲ ಅಂತ್ಲೇ ಬರೀಬೇಕು. ಆಮೇಲೆ ಯಾರೂ ದುಡ್ಡು ಕೊಡಲ್ಲ. ಚಿತ್ತಮ್ಮಂದು ಇವತ್ತು ಕೊನೇ ಅಳತೆ. ಸರಿಯಾಗಿ ನೋಡಮ್ಮ.”

ಚಿತ್ತಮ್ಮ ರೇಷ್ಮೆಹುಳು ಸಾಕುವವರು. ಮನೆ ಹಿಪ್ಪುನೇರಳೆ ತೋಟದ ಅಂಚಿನಲ್ಲಿ. ಅವರನ್ನು ಉಳಿಸಿದ ಔಷಧಿಯೂ ಹಿಂದೊಮ್ಮೆ ಇಂಥದೇ ಅಧ್ಯಯನದಲ್ಲಿ, ಯಾವುದೋ ಊರಿನ ಹೆಂಗಸರು ತೆಗೆದುಕೊಂಡು ನೋಡಿದ್ದು ಎಂದು ಮೊದಲ ಭೇಟಿಯಲ್ಲಿ ಹೇಳಿದ್ದೆ. “ಯಾವ ತಾಯಂದಿರೋ, ಅವರ ಹೊಟ್ಟೆ ತಣ್ಣಗಿರ್ಲಿ” ಅಂದಿದ್ದರು.

ಅಂಗಳದಲ್ಲಿ ಸ್ಲೀವ್ ತೆಗೆಸಿ ಟೇಪು ಸುತ್ತಿದೆ. ಎಡಗೈ ಮೂವತ್ತೊಂದೂವರೆ ಸೆಂಟಿಮೀಟರ್, ಬಲಗೈ ಇಪ್ಪತ್ತೇಳು. ವರ್ಷದ ಹಿಂದೆಯೂ ಅಷ್ಟೇ ಇತ್ತು. ದಿನವಿಡೀ ಹಾಕುವವರ ಚರ್ಮದ ಮೇಲೆ ನೆಯ್ಗೆಯ ಗುರುತು ಮೂಡಿರುತ್ತದೆ. ಇವರ ತೋಳಿನಲ್ಲಿ ಒಂದು ಗೆರೆಯೂ ಇರಲಿಲ್ಲ.

“ಅಕ್ಕಾ, ಇವತ್ತು ಯಾವಾಗ ಹಾಕ್ಕೊಂಡ್ರಿ?”

“ನೀನು ತೋಟದ ದಾರೀಲಿ ಬರ್ತಿದ್ದೆ ನೋಡು, ಆವಾಗ.” ಸಿಕ್ಕಿಬಿದ್ದ ಹುಡುಗಿಯಂತೆ ನಕ್ಕರು.

“ಯಾಕ್ರೀ ಹಿಂಗ?”

ಹುಳುಮನೆಯ ಬಾಗಿಲ ಪಕ್ಕದ ಮೊಳೆ ತೋರಿಸಿದರು. “ಅಲ್ಲಿ ನೇತಾಕಿರ್ತೀನಿ. ರಬ್ಬರ್ ವಾಸನೆ ಹೊಡೀತೈತೆ ಅದು. ಹುಳಕ್ಕೆ ವಾಸನೆ ಆಗಲ್ಲ ಕಣಮ್ಮ. ಈ ಮನೇಲಿ ಒಗ್ಗರಣೆ ಹಾಕಿ ವಾರ ಆಯ್ತು. ನಮ್ಮ ಯಜಮಾನ್ರು ಬೀಡಿ ಸೇದಾಕೆ ರೋಡಿಗೋಗ್ತಾರೆ. ನಾನು ಇದನ್ನ ಹಾಕ್ಕೊಂಡು ಒಳೀಕೆ ಹೋಗ್ಲಾ?”

“ಒಳಗ ಎಷ್ಟೊತ್ತು ಇರ್ತೀರಿ?”

“ಹುಳ ಇರೋಗಂಟ ದಿನವೆಲ್ಲ ಅಲ್ಲೇ.”

“ಮತ್ತ ಹೌದು ಅಂತ ಯಾಕ ಬರೆಸಿದ್ರಿ?”

“ಹಾಕ್ಕಂತೀನಲ್ಲ, ಸಂತೆಗೆ, ಆಸ್ಪತ್ರೆಗೆ. ಅಷ್ಟು ದೂರದಿಂದ ಬರ್ತೀಯ. ಪುಕ್ಕಟೆ ಬೇರೆ ಕೊಟ್ಟವ್ರೆ. ಇಲ್ಲ ಅಂದ್ರೆ ನಿನ್ನ ಕೆಲ್ಸ ಕಿತ್ತಾಕ್ತಾರೇನೋ ಅಂದ್ಕಂಡೆ. ಆಸ್ಪತ್ರೇಲಿ ಸಿಕ್ಕಿದ್ದ, ನನ್ನಂಗೆ ಹುಳ ಸಾಕೋ ನರಸಕ್ಕಂಗೂ, ಉಳಿದೋರ್ಗೂ ಹಂಗೇ ಹೇಳ್ಕೊಟ್ಟೆ.”

ಜಗಲಿಯ ಮೇಲೆ ಕೂತೆ. ಸಿಟ್ಟು ಬರಬೇಕಿತ್ತು, ಅದಕ್ಕೂ ಶಕ್ತಿ ಬೇಕು. ಈ ಕಡೆಯ ಹನ್ನೊಂದು ಹೆಂಗಸರಲ್ಲಿ ಒಂಬತ್ತು ಮಂದಿ ಹುಳು ಸಾಕುವವರು. ಒಂದು ವರ್ಷದ ‘ಹೌದು’ಗಳೆಲ್ಲ ಸುಳ್ಳು. ಹೇಳಿದರೆ ಅಧ್ಯಯನವೇ ಸರಿಯಿಲ್ಲ ಎಂದು ಅನುದಾನ ನಿಲ್ಲಬಹುದು. ಹೇಳದಿದ್ದರೆ, ಒಳ್ಳೆಯ ಸ್ಲೀವಿಗೆ ಕೆಟ್ಟ ಹೆಸರು ಬಂದು ಹೇಗೂ ನಿಲ್ಲುತ್ತದೆ.

“ಅಕ್ಕಾ, ನೀವು ಹೌದು ಅಂದಿದ್ದಕ್ಕ ಇದು ಉಪಯೋಗ ಇಲ್ಲ ಅಂತ ತೀರ್ಮಾನ ಆಗ್ತದ. ಮುಂದ ಯಾರಿಗೂ ಕೊಡಂಗಿಲ್ಲ.”

ಚಿತ್ತಮ್ಮ ಊದಿದ ಕೈಯನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ, “ಹಂಗಾದ್ರೆ ಇಲ್ಲ ಅಂತ್ಲೇ ಬರ್ಕ. ನನ್ನ ಹೆಸ್ರಾಕೇ ಬರ್ಕ” ಅಂದರು.

ಫಾರಂನಲ್ಲಿ ಎರಡೇ ಚೌಕ. ಯಾಕೆ ಎಂದು ಬರೆಯಲು ಜಾಗವಿಲ್ಲ. ‘ಇಲ್ಲ’ಕ್ಕೆ ಗುರುತು ಹಾಕಿ, ಹಾಳೆ ತಿರುಗಿಸಿ ಬೆನ್ನಿಗೆ ಎಲ್ಲ ಬರೆದೆ: ಹುಳು, ವಾಸನೆ, ಮೊಳೆ. ಗೋವರ್ಧನ್ ಸಾರ್‌ಗೆ ಫೋನಿನಲ್ಲಿ ಓದಿ ಹೇಳಿದೆ.

“ಒಂದು ವರ್ಷ ಹೋಯ್ತಲ್ಲಮ್ಮ” ಅಂದರು. ಆಮೇಲೆ ಅವರೇ, “ಉಳಿದ ಎಂಟು ಜನಾನೂ ಕೇಳ್ಕೊಂಡು ಬಾ. ಯಾಕೆ ಹಾಕಲ್ಲ ಅನ್ನೋದನ್ನೇ ಮೊದಲು ಬರೆದು ಮತ್ತೆ ದುಡ್ಡು ಕೇಳೋಣ. ಕೊಟ್ರೆ ಕೊಡ್ತಾರೆ.”

ಹೊರಡುವಾಗ ಚಿತ್ತಮ್ಮ ಸ್ಲೀವ್ ಮೂಸಿ ನೋಡಿದರು. “ಸೀಗೇಕಾಯಿ ಹಾಕಿ ಒಗ್ದು ಬಿಸಿಲಿಗಾಕ್ತೀನಿ.”

“ಬಿಸಿಲಿಗೆ ಬ್ಯಾಡ್ರಿ, ಎಲಾಸ್ಟಿಕ್ ಹೋಗ್ತದ. ನೆರಳಾಗ.”

“ಆಯ್ತು, ನೆರಳಿಗೇ. ವಾಸನೆ ಹೋಗ್ಲಿಲ್ಲಾಂದ್ರೆ, ಹೋಗ್ಲಿಲ್ಲ ಅಂತ್ಲೇ ಹೇಳ್ತೀನಿ. ಬಿಡು.”

ಮೊಳೆ ಖಾಲಿಯಿತ್ತು. ಮುಂದಿನ ಊರಿಗೆ ಆಟೋ ಸಿಗುತ್ತದೋ ಇಲ್ಲವೋ ಎಂದುಕೊಳ್ಳುತ್ತ ರೋಡಿನ ಕಡೆ ನಡೆದೆ.